ಹಳೇ ಸಿನಿಮಾದ ‘ನಿಮಗೆ ಗೊತ್ತೇ?’ ಹಂಚುವ ಮುನ್ನ: ಸಂಗತಿಯೊಂದನ್ನು ಪರಿಶೀಲಿಸುವ ಸಮಗ್ರ ಮಾರ್ಗದರ್ಶಿ

ಹಳೇ ಸಿನಿಮಾಗಳ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಎಲ್ಲೋ ಓದಿದ ಸ್ವಾರಸ್ಯವೊಂದು ಸಿಗುತ್ತದೆ, ಅದನ್ನು ಇನ್ನೆರಡು ಕಡೆ ಹುಡುಕುತ್ತಾರೆ, ಅಲ್ಲೂ ಅದೇ ಮಾತು ಇರುತ್ತದೆ, ‘ಖಚಿತವಾಯಿತು’ ಎಂದು ಹಂಚಿಬಿಡುತ್ತಾರೆ. ಆ ಮೂರೂ ಕಡೆ ಇದ್ದದ್ದು ಒಂದೇ ಮೂಲದ ನಕಲು ಎಂಬುದು ಗೊತ್ತಾಗುವುದು ಯಾರಾದರೂ ಹಿರಿಯರು ಬಂದು ಕಿವಿ ಹಿಂಡಿದ ಮೇಲೆ. ಇಲ್ಲಿ ಕೊರತೆ ಇರುವುದು ಶ್ರಮದಲ್ಲಲ್ಲ, ಕ್ರಮದಲ್ಲಿ. ಚಿತ್ರ ತಯಾರಾದ ಕಾಲದ ದಾಖಲೆಯಿಂದ ಶುರುಮಾಡಿ ಈಚೆಗೆ ಬರಬೇಕು. ನಾವು ಇಂದಿನ ಬರಹದಿಂದ ಶುರುಮಾಡಿ ಅಲ್ಲೇ ನಿಂತುಬಿಡುತ್ತೇವೆ.

ಕೆಳಗಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ಮಾಡಿ. ಮೊದಲ ಎರಡು ಹಂತಗಳನ್ನು ಮಾಡದೆ ಹೋದರೆ ಉಳಿದದ್ದೆಲ್ಲ ವ್ಯರ್ಥ. ಉದಾಹರಣೆಗಳೆಲ್ಲ ಕನ್ನಡ ಚಿತ್ರಗಳವು. ಹಿಂದಿ, ತಮಿಳು ಚಿತ್ರಗಳಿಗೂ ಕ್ರಮ ಇದೇ.

## ಬೇಕಾಗುವ ಸಾಮಗ್ರಿ

ಚಿತ್ರದ ಒಂದು ಪ್ರತಿ ಬೇಕು, ಶುರುವಿನ ಟೈಟಲ್ ಕತ್ತರಿಸದೆ ಇರುವಂಥದು. ಟಿವಿಯಿಂದ ಇಳಿಸಿಕೊಂಡ ಪ್ರತಿಗಳಲ್ಲಿ ಟೈಟಲ್ ಹಾರಿಸಿರುತ್ತಾರೆ ಅಥವಾ ಅದರ ಮೇಲೆ ಚಾನೆಲ್‌ನ ಪಟ್ಟಿ ಕೂತಿರುತ್ತದೆ. ಹಾಗಾಗಿ ಒಂದಕ್ಕಿಂತ ಹೆಚ್ಚು ಅಪ್‌ಲೋಡ್‌ಗಳನ್ನು ತೆರೆದು ನೋಡಿ.

ಫ್ರೇಮ್ ಫ್ರೇಮಾಗಿ ನಿಲ್ಲಿಸಬಲ್ಲ ಪ್ಲೇಯರ್ ಬೇಕು. ವಿಎಲ್‌ಸಿಯಲ್ಲಿ ‘ಇ’ ಕೀಲಿ ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ಯೂಟ್ಯೂಬ್‌ನಲ್ಲಿ ವಿಡಿಯೊ ನಿಲ್ಲಿಸಿ ಪೂರ್ಣವಿರಾಮದ ಕೀಲಿ ಒತ್ತಿದರೆ ಮುಂದಕ್ಕೆ, ಅಲ್ಪವಿರಾಮದ ಕೀಲಿ ಒತ್ತಿದರೆ ಹಿಂದಕ್ಕೆ. ಇನ್ನು ಹೆಡ್‌ಫೋನ್, ಕ್ಯಾಲ್ಕುಲೇಟರ್, ಒಂದು ನೋಟ್‌ಪುಸ್ತಕ. ಇಷ್ಟಿದ್ದರೆ ಮನೆಯಲ್ಲೇ ಕೂತು ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿಯುತ್ತದೆ. ಮಿಕ್ಕದ್ದಕ್ಕೆ ಗ್ರಂಥಾಲಯಕ್ಕೆ ಹೋಗಬೇಕು.

## ಹಂತ 1: ವಾಕ್ಯವನ್ನು ಒಡೆಯಿರಿ

ಹಂಚಬೇಕೆಂದಿರುವ ಮಾತನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳಿ. ಆಮೇಲೆ ಅದರೊಳಗೆ ಎಷ್ಟು ಬೇರೆ ಬೇರೆ ಹೇಳಿಕೆಗಳಿವೆ ಎಂದು ಎಣಿಸಿ.

‘ಸಂಪತ್ತಿಗೆ ಸವಾಲ್ ಚಿತ್ರದಲ್ಲಿ ಪಿ.ಬಿ. ಶ್ರೀನಿವಾಸ್ ಬರಲಾಗದ ಕಾರಣ ರಾಜ್‌ಕುಮಾರ್ ಹಾಡಿದ ಯಾರೇ ಕೂಗಾಡಲಿ ಅವರ ಮೊದಲ ಹಾಡು.’ ಈ ಸಾಲನ್ನು ಎಷ್ಟು ಸಲ ಓದಿಲ್ಲ ನಾವು! ಇದರಲ್ಲಿ ಮೂರು ಹೇಳಿಕೆಗಳಿವೆ. ಒಂದು, ಆ ಹಾಡು ಹಾಡಿದ್ದು ರಾಜ್. ಎರಡು, ಹಾಗಾಗಲು ಕಾರಣ ಇಂಥದು. ಮೂರು, ಅದೇ ಮೊದಲ ಹಾಡು. ಮೊದಲನೆಯದನ್ನು ಕಿವಿಯಿಂದಲೂ ರೆಕಾರ್ಡಿನ ಲೇಬಲ್‌ನಿಂದಲೂ ನಿರ್ಧರಿಸಬಹುದು. ಎರಡನೆಯದಕ್ಕೆ ಆ ದಿನ ಸ್ಟುಡಿಯೊದಲ್ಲಿ ಇದ್ದವರ ಮಾತೇ ಬೇಕು. ಮೂರನೆಯದು ಬೀಳುತ್ತದೆ: 1959ರ ಮಹಿಷಾಸುರ ಮರ್ದಿನಿಯಲ್ಲಿ ಎಸ್. ಜಾನಕಿಯವರ ಜೊತೆ ‘ತುಂಬಿತು ಮನವ’ ಹಾಡಿದ್ದು ರಾಜ್. ಸಂಪತ್ತಿಗೆ ಸವಾಲ್ ಬಂದದ್ದು 1974ರಲ್ಲಿ.

ಇಲ್ಲೇ ಇನ್ನೊಂದು ಗುಂಡಿಯಿದೆ. ‘ಮೊದಲ’ ಎಂಬುದನ್ನು ಬೀಳಿಸಲು ಒಂದೇ ಒಂದು ಹಳೆಯ ಉದಾಹರಣೆ ಸಾಕು. ಆದರೆ ಆ ಹಳೆಯ ಉದಾಹರಣೆಯನ್ನೇ ಹೊಸ ‘ಮೊದಲ’ ಎಂದು ಪೀಠಕ್ಕೇರಿಸಬೇಕಾದರೆ ಅದಕ್ಕೂ ಹಿಂದಿನ ಚಿತ್ರಗಳನ್ನೆಲ್ಲ ಕೇಳಿ ಮುಗಿಸಿರಬೇಕು. ತಪ್ಪು ತಿದ್ದಲು ಹೊರಟವರು ಇನ್ನೊಂದು ತಪ್ಪನ್ನು ಬಿತ್ತುವುದು ಇಲ್ಲೇ. ‘1974ಕ್ಕೂ ಮುಂಚೆ ಹಾಡಿದ್ದರು, 1959ರ ಈ ಹಾಡು ನೋಡಿ’ ಎಂದು ಬರೆದು ನಿಲ್ಲಿಸಿ. ಅಷ್ಟು ಸಾಕು.

‘ಮೊದಲ’ ಎಂಬ ಪದದ ಹಿಂದೆ ಯಾವಾಗಲೂ ಒಂದು ವಿಶೇಷಣ ಬೇಕು. ಸತಿ ಸುಲೋಚನ (1934) ‘ಮೊದಲ ಕನ್ನಡ ಚಿತ್ರ’ ಎಂದರೆ ಸಡಿಲ ಮಾತು, ‘ಬಿಡುಗಡೆಯಾದ ಮೊದಲ ಕನ್ನಡ ವಾಕ್ಚಿತ್ರ’ ಎಂದರೆ ಸರಿ. ಅದೇ ವರ್ಷದ ಭಕ್ತ ಧ್ರುವ ತಯಾರಾದದ್ದು ಮುಂಚೆ, ತೆರೆಗೆ ಬಂದದ್ದು ಆಮೇಲೆ. ರಾಜ್‌ಕುಮಾರ್ ‘ನಾಯಕನಾಗಿ’ ಮೊದಲ ಚಿತ್ರ ಬೇಡರ ಕಣ್ಣಪ್ಪ (1954), ಆದರೆ 1952ರ ಶ್ರೀ ಶ್ರೀನಿವಾಸ ಕಲ್ಯಾಣದಲ್ಲಿ ಸಣ್ಣ ಪಾತ್ರ ಮಾಡಿದ್ದರು. ವಿಷ್ಣುವರ್ಧನ್ ನಾಯಕರಾದದ್ದು ನಾಗರಹಾವಿನಿಂದ (1972), ಮುಖ ತೋರಿಸಿದ್ದು ಅದಕ್ಕೂ ಮುಂಚೆ ವಂಶವೃಕ್ಷದಲ್ಲಿ. ಅಮರಶಿಲ್ಪಿ ಜಕಣಾಚಾರಿ (1964) ಮೊದಲ ‘ಪೂರ್ಣ ಪ್ರಮಾಣದ’ ವರ್ಣಚಿತ್ರ. ಆ ‘ಪೂರ್ಣ ಪ್ರಮಾಣದ’ ಎಂಬುದನ್ನು ಕತ್ತರಿಸಿದರೆ ಜಗಳ ಶುರು.

## ಹಂತ 2: ಯಾವ ಚಿತ್ರ, ಯಾವ ಭಾಷೆ, ಯಾವ ವರ್ಷ

ಒಂದೇ ಹೆಸರಿನ ಚಿತ್ರಗಳು ಬೇಕಾದಷ್ಟಿವೆ. ಸತ್ಯ ಹರಿಶ್ಚಂದ್ರ ಎಂದರೆ 1943ರದೋ 1965ರದೋ? ಭಕ್ತ ಪ್ರಹ್ಲಾದ ಎಂದರೆ 1942ರದೋ, ಪುನೀತ್ ಬಾಲಕನಾಗಿದ್ದ 1983ರದೋ? ಟಿಪ್ಪಣಿಯಲ್ಲಿ ಹೆಸರಿನ ಪಕ್ಕ ವರ್ಷವನ್ನೂ ನಿರ್ದೇಶಕರನ್ನೂ ಬರೆಯದೆ ಮುಂದಕ್ಕೆ ಹೋಗಬೇಡಿ.

ಭಾಷೆಯದು ಇನ್ನೂ ದೊಡ್ಡ ತೊಡಕು. ಆಗ ಮದ್ರಾಸಿನ ಸ್ಟುಡಿಯೊಗಳಲ್ಲಿ ಒಂದೇ ಸೆಟ್ಟಿನಲ್ಲಿ ಎರಡು ಭಾಷೆಯ ಚಿತ್ರ ತಯಾರಾಗುತ್ತಿದ್ದವು. ಬಿ.ಎಸ್. ರಂಗಾ ಅವರ ಜಕಣಾಚಾರಿ ಕನ್ನಡದಲ್ಲಿ ಕಲ್ಯಾಣಕುಮಾರ್, ತೆಲುಗಿನಲ್ಲಿ ಅಕ್ಕಿನೇನಿ ನಾಗೇಶ್ವರರಾವ್. ಎರಡರಲ್ಲೂ ಬಿ. ಸರೋಜಾದೇವಿ. ಹಾಗಾಗಿ ಸರೋಜಾದೇವಿಯವರು ಒಬ್ಬರೇ ಇರುವ ಸ್ಟಿಲ್ (ಚಿತ್ರದ ಸ್ಥಿರ ಫೋಟೊ) ಕಂಡರೆ ಅದು ಯಾವ ಭಾಷೆಯದು ಎಂದು ಸ್ಟಿಲ್ ನೋಡಿ ಹೇಳಲಾಗುವುದಿಲ್ಲ. ಬೇಡರ ಕಣ್ಣಪ್ಪನ ಕಥೆ ಮತ್ತೂ ಕಷ್ಟ: ತೆಲುಗಿನ ಕಾಳಹಸ್ತಿ ಮಹಾತ್ಮ್ಯದಲ್ಲೂ ಕಣ್ಣಪ್ಪ ರಾಜ್‌ಕುಮಾರರೇ. ಬಿಲ್ಲು ಹಿಡಿದ ಆ ಚಿತ್ರಪಟ ಎಲ್ಲಿಯದು ಎಂದು ತೀರ್ಮಾನಿಸಬೇಕಾದರೆ ಪಕ್ಕದಲ್ಲಿರುವ ಸಹನಟರನ್ನು ಗುರುತಿಸಬೇಕು. ಪಂಢರಿಬಾಯಿ ಇದ್ದರೆ ಕನ್ನಡದ್ದು. ರಾಜ್ ಒಬ್ಬರೇ ಇದ್ದರೆ ‘ಕಣ್ಣಪ್ಪನ ಪಾತ್ರದಲ್ಲಿ ರಾಜ್‌ಕುಮಾರ್’ ಎಂದಷ್ಟೇ ಬರೆಯಿರಿ.

ಡಬ್ ಆದವೂ ಇವೆ. 1957ರ ತೆಲುಗು ಮಾಯಾಬಜಾರ್ ಕನ್ನಡಕ್ಕೂ ಡಬ್ ಆಗಿತ್ತು. ಆ ಹಾಡುಗಳನ್ನು ಕನ್ನಡದಲ್ಲೇ ಕೇಳಿ ಬೆಳೆದವರು ಅದನ್ನು ಕನ್ನಡ ಚಿತ್ರಗಳ ಪಟ್ಟಿಗೆ ಸೇರಿಸುತ್ತಾರೆ. ಹಾಡಿನ ನೆನಪು ನಿಜ, ಪಟ್ಟಿ ತಪ್ಪು.

ಎಚ್ಚರಿಕೆಯ ಗುರುತು: ತುಟಿಯ ಚಲನೆ ಮಾತಿಗೆ ಕೂಡದಿದ್ದರೆ, ಅಥವಾ ಚಿತ್ರದೊಳಗಿನ ಕಾಗದ, ಅಂಗಡಿಯ ಬೋರ್ಡು ಬೇರೆ ಲಿಪಿಯಲ್ಲಿದ್ದರೆ, ಅಲ್ಲೇ ನಿಲ್ಲಿಸಿ ಪರೀಕ್ಷಿಸಿ.

## ಹಂತ 3: ಸೆನ್ಸಾರ್ ಸರ್ಟಿಫಿಕೇಟ್ ಓದಿ

ಚಿತ್ರ ಶುರುವಾಗುವ ಮುನ್ನ ಕೆಲವು ಸೆಕೆಂಡು ಬಂದುಹೋಗುವ ಆ ಹಾಳೆಯನ್ನು ಯಾರೂ ಓದುವುದಿಲ್ಲ. ಅದರಲ್ಲಿರುವಷ್ಟು ಮಾಹಿತಿ ಚಿತ್ರದ ಬೇರೆಲ್ಲೂ ಸಿಗುವುದಿಲ್ಲ: ಹೆಸರು, ಭಾಷೆ, ಬಣ್ಣವೋ ಕಪ್ಪುಬಿಳುಪೋ, ಉದ್ದ, ರೀಲುಗಳ ಸಂಖ್ಯೆ, ತಾರೀಕು, ಅರ್ಜಿದಾರರ ಹೆಸರು. ವಿಡಿಯೊ ನಿಲ್ಲಿಸಿ, ಸ್ಕ್ರೀನ್‌ಶಾಟ್ ತೆಗೆದು ಹಿಗ್ಗಿಸಿ ಓದಿ.

ಮೊದಲು ತಾರೀಕು. ಅದನ್ನು ಬಿಡುಗಡೆಯ ತಾರೀಕು ಎಂದು ತಿಳಿಯುವುದು ತೀರಾ ಸಾಮಾನ್ಯ ತಪ್ಪು. ಡಿಸೆಂಬರ್‌ನಲ್ಲಿ ಸೆನ್ಸಾರ್ ಆದ ಚಿತ್ರ ಮುಂದಿನ ವರ್ಷ ತೆರೆಕಂಡದ್ದು ಎಷ್ಟೋ ಇವೆ. ಒಂದೇ ಚಿತ್ರಕ್ಕೆ ಎರಡು ಪಟ್ಟಿಗಳಲ್ಲಿ ಎರಡು ವರ್ಷ ಕಂಡರೆ ಬಹುಮಟ್ಟಿಗೆ ಕಾರಣ ಇದೇ. ಇನ್ನೊಂದು ಮಾತು, ಆ ಕಾಲದಲ್ಲಿ ಸರ್ಟಿಫಿಕೇಟಿನ ಆಯುಸ್ಸು ಹತ್ತು ವರ್ಷ. ಮರುಬಿಡುಗಡೆಗೆ ಹೊಸ ಪ್ರಿಂಟ್ ಹಾಕಿಸಿದಾಗ ಹೊಸ ಸರ್ಟಿಫಿಕೇಟ್ ಅಂಟಿಕೊಳ್ಳುತ್ತಿತ್ತು. ಅರವತ್ತರ ದಶಕದ ಚಿತ್ರದ ಮುಂದೆ ಎಪ್ಪತ್ತರ ದಶಕದ ಹಾಳೆ ಕಂಡರೆ ಗಾಬರಿ ಬೇಡ, ‘ಚಿತ್ರ ಇಷ್ಟು ವರ್ಷ ಡಬ್ಬದಲ್ಲಿತ್ತಂತೆ’ ಎಂಬ ಕಥೆಯನ್ನೂ ಕಟ್ಟಬೇಡಿ.

ಮಂಡಳಿಯ ಹೆಸರು ನೋಡಿ. 1983ಕ್ಕೆ ಮುಂಚೆ ಅದು ಸೆಂಟ್ರಲ್ ಬೋರ್ಡ್ ಆಫ್ ಫಿಲ್ಮ್ ಸೆನ್ಸಾರ್ಸ್, ಆಮೇಲೆ ಸೆಂಟ್ರಲ್ ಬೋರ್ಡ್ ಆಫ್ ಫಿಲ್ಮ್ ಸರ್ಟಿಫಿಕೇಷನ್. ‘ಯುಎ’ ಎಂಬ ದರ್ಜೆ ಬಂದದ್ದೂ 1983ರಲ್ಲಿ. ಅದಕ್ಕೆ ಮುಂಚೆ ‘ಯು’ ಮತ್ತು ‘ಎ’ ಮಾತ್ರ. 1970ರ ಚಿತ್ರಕ್ಕೆ ‘ಯುಎ ಸಿಕ್ಕಿತ್ತು’ ಎಂದು ಬರೆದಿದ್ದರೆ ಬರೆದವರು ಯಾವ ಕಾಲದ ಹಾಳೆ ನೋಡಿದ್ದಾರೆ ಎಂದು ಗೊತ್ತಾಯಿತಲ್ಲ.

ಈಗ ಉದ್ದ. ನಿಮ್ಮ ಕೈಯಲ್ಲಿರುವುದು ಪೂರ್ತಿ ಚಿತ್ರವೋ ಕತ್ತರಿಸಿದ್ದೋ ಎಂಬುದು ಇಲ್ಲಿ ತಿಳಿಯುತ್ತದೆ. 35 ಮಿ.ಮೀ. ಫಿಲ್ಮು ನಿಮಿಷಕ್ಕೆ 90 ಅಡಿ, ಅಂದರೆ ಸುಮಾರು 27.4 ಮೀಟರ್ ಓಡುತ್ತದೆ. ಹಾಳೆಯಲ್ಲಿ ಅಡಿಯಲ್ಲಿದ್ದರೆ 90ರಿಂದ, ಮೀಟರಿನಲ್ಲಿದ್ದರೆ 27.4ರಿಂದ ಭಾಗಿಸಿ. 4,400 ಮೀಟರ್ ಎಂದಿದ್ದರೆ ಸುಮಾರು 160 ನಿಮಿಷ.

ಲೆಕ್ಕ ಇಲ್ಲಿಗೇ ಮುಗಿಯಲಿಲ್ಲ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್, ನಮ್ಮ ಹಳೇ ಟಿವಿ ಓಡುತ್ತಿದ್ದದ್ದು 25. ಟಿವಿಗೆಂದೋ ವಿಸಿಡಿಗೆಂದೋ ವರ್ಗಾಯಿಸಿದ ಪ್ರತಿ ಶೇಕಡ 4ರಷ್ಟು ಬೇಗ ಮುಗಿಯುತ್ತದೆ. 160 ನಿಮಿಷದ್ದು 154ಕ್ಕೆ ಬಂದರೆ ಒಂದು ದೃಶ್ಯವೂ ಹೋಗಿಲ್ಲ. 130ಕ್ಕೆ ಬಂದರೆ ಎರಡು ರೀಲಿನಷ್ಟು ಸರಕು ಕಾಣೆಯಾಗಿದೆ, ಆ ಪ್ರತಿ ನೋಡಿ ‘ಕಥೆಯಲ್ಲಿ ಈ ಎಳೆ ಅರ್ಧಕ್ಕೇ ನಿಂತಿದೆ’ ಎಂದು ನಿರ್ದೇಶಕರನ್ನು ದೂರುವ ಹಾಗಿಲ್ಲ.

ಹಾಳೆಯ ಎಡಗಡೆ ಕೆಳಮೂಲೆಯಲ್ಲಿ ತ್ರಿಕೋನವಿದ್ದರೆ ಮಂಡಳಿ ಕತ್ತರಿ ಆಡಿಸಿದೆ ಎಂದರ್ಥ. ಏನನ್ನು ಕತ್ತರಿಸಿದರು ಎಂಬುದು ಸರ್ಟಿಫಿಕೇಟಿನ ಎರಡನೇ ಭಾಗದಲ್ಲಿರುತ್ತದೆ, ತೆರೆಯ ಮೇಲೆ ಅಲ್ಲ. ‘ಇಂಥ ದೃಶ್ಯ ಕತ್ತರಿಸಿದರು’ ಎಂಬ ಮಾತಿಗೆ ತ್ರಿಕೋನ ಸಾಕ್ಷಿಯಾಗುವುದಿಲ್ಲ.

## ಹಂತ 4: ಟೈಟಲ್ ಕಾರ್ಡ್‌ಗಳನ್ನು ಪೂರ್ತಿ ಬರೆದುಕೊಳ್ಳಿ

ಕಣ್ಣಾಡಿಸುವುದಲ್ಲ, ಬರೆದುಕೊಳ್ಳುವುದು. ಕಥೆ, ಚಿತ್ರಕಥೆ, ಸಂಭಾಷಣೆ, ಗೀತರಚನೆ ಇವು ನಾಲ್ಕು ಬೇರೆ ಕೆಲಸಗಳು. ಹಂಚಿದ ಬರಹಗಳಲ್ಲಿ ನಾಲ್ಕೂ ‘ಬರೆದವರು’ ಎಂಬ ಒಂದೇ ಮಾತಿನಡಿ ಸೇರಿಹೋಗುತ್ತವೆ. ಕಾದಂಬರಿ ಆಧರಿಸಿದ ಚಿತ್ರವಾದರೆ ಯಾವ ಕಾದಂಬರಿ ಎಂದು ನೋಡಿ. ನಾಗರಹಾವು ತ.ರಾ.ಸು. ಅವರ ಒಂದಲ್ಲ, ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ ಮಾಡಿದ ಚಿತ್ರ: ನಾಗರಹಾವು, ಒಂದು ಗಂಡು ಎರಡು ಹೆಣ್ಣು, ಸರ್ಪಮತ್ಸರ. ಮೊದಲನೆಯದನ್ನು ಮಾತ್ರ ಓದಿ ‘ಪುಟ್ಟಣ್ಣ ಇದನ್ನು ತಾವೇ ಸೇರಿಸಿದರು’ ಎಂದು ಬರೆಯುವವರು ಇವತ್ತಿಗೂ ಇದ್ದಾರೆ.

ಟೈಟಲ್‌ನಲ್ಲಿ ಹೆಸರಿಲ್ಲದಿದ್ದರೆ ಆ ವ್ಯಕ್ತಿ ಆ ಚಿತ್ರದಲ್ಲಿ ಇರಲಿಲ್ಲ ಎಂದೇನಲ್ಲ. ಸಣ್ಣ ಪಾತ್ರಧಾರಿಗಳು ‘ಮುಂತಾದವರು’ ಎಂಬುದರಲ್ಲಿ ಮುಗಿದುಹೋಗುತ್ತಾರೆ, ವಾದ್ಯದವರ ಹೆಸರಂತೂ ಬರುವುದೇ ಅಪರೂಪ.

## ಹಂತ 5: ಹಾಡಿನ ವಿಚಾರವಾದರೆ

ಹೆಚ್ಚು ಜಗಳ ಆಗುವುದು ಇಲ್ಲೇ, ಆದ್ದರಿಂದ ಇಲ್ಲಿ ನಿಧಾನ.

ಟೈಟಲ್ ಕಾರ್ಡ್‌ನಲ್ಲಿ ಹಿನ್ನೆಲೆ ಗಾಯಕರನ್ನೆಲ್ಲ ಒಟ್ಟಿಗೆ ಹಾಕಿರುತ್ತಾರೆ. ಯಾವ ಹಾಡು ಯಾರದು ಎಂದು ಅದರಿಂದ ತಿಳಿಯದು. ಅದಕ್ಕೆ ಬೇಕಾದದ್ದು ರೆಕಾರ್ಡಿನ ಲೇಬಲ್. 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ಗ್ರಾಮಫೋನ್ ತಟ್ಟೆಯಾಗಲಿ, ಆಮೇಲಿನ ಇಪಿ ಎಂಬ ಚಿಕ್ಕ ತಟ್ಟೆಯಾಗಲಿ, ನಡುವಿನ ದುಂಡನೆ ಕಾಗದದ ಮೇಲೆ ಹಾಡಿನ ಸಾಲು, ಗಾಯಕರು, ಸಂಗೀತ ನಿರ್ದೇಶಕರು, ಚಿತ್ರದ ಹೆಸರು, ತಟ್ಟೆಯ ಸಂಖ್ಯೆ ಇರುತ್ತವೆ. ರೆಕಾರ್ಡು ಸಂಗ್ರಹಿಸುವವರು ಲೇಬಲ್‌ನ ಫೋಟೊ ಹಾಕಿರುತ್ತಾರೆ. ಆಡಿಯೊ ಕಂಪನಿಗಳು ಮುಂದೆ ಕ್ಯಾಸೆಟ್ಟಿಗೂ ಆಪ್‌ಗಳಿಗೂ ಹಾಕಿದ ಪಟ್ಟಿಗಳಿಗಿಂತ ಆ ಲೇಬಲ್‌ಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಪಟ್ಟಿ ತಯಾರಿಸುವಾಗ ರಾಜ್ ಚಿತ್ರದ ಗಂಡುದನಿಯೆಲ್ಲ ಪಿ.ಬಿ. ಶ್ರೀನಿವಾಸರ ಖಾತೆಗೆ ಹೋಗಿಬಿಡುವುದುಂಟು. 1965ರ ಸತ್ಯ ಹರಿಶ್ಚಂದ್ರದ ‘ಕುಲದಲ್ಲಿ ಕೀಳ್ಯಾವುದೋ’ ಘಂಟಸಾಲ ಅವರದು ಎಂಬುದು ಕಿವಿಗೇ ಗೊತ್ತಾಗುತ್ತದೆ, ಕೇಳಿದರೆ.

ಎರಡನೆಯದು, ರೆಕಾರ್ಡಿನ ಹಾಡು ಬೇರೆ, ಚಿತ್ರದ ಹಾಡು ಬೇರೆ. 78ರ ತಟ್ಟೆಯ ಒಂದು ಮುಖದಲ್ಲಿ ಹಿಡಿಸುತ್ತಿದ್ದದ್ದು ಮೂರೂವರೆ ನಿಮಿಷದ ಆಸುಪಾಸು. ಅದಕ್ಕೆ ತಕ್ಕಂತೆ ಚರಣ ಬಿಡುತ್ತಿದ್ದರು, ನಡುವಿನ ಸಂಗೀತ ಮೊಟಕು ಮಾಡುತ್ತಿದ್ದರು. ‘ರೇಡಿಯೊದಲ್ಲಿ ಎಂದೂ ಬಾರದ ಚರಣ’ ಎಂದು ಅಚ್ಚರಿಪಡುವ ಮೊದಲು ಚಿತ್ರದ ದೃಶ್ಯವನ್ನೂ ರೆಕಾರ್ಡನ್ನೂ ಅಕ್ಕಪಕ್ಕ ಇಟ್ಟು ಸಾಲು ಸಾಲು ಹೋಲಿಸಿ.

ಮೂರನೆಯದು ಶ್ರುತಿ. ರೆಕಾರ್ಡಿನಲ್ಲಿ ಒಂದು ಶ್ರುತಿ, ಚಿತ್ರದಲ್ಲಿ ತುಸು ಏರು. ‘ಚಿತ್ರಕ್ಕೆ ಬೇರೆಯಾಗಿ ಹಾಡಿಸಿದ್ದಾರೆ’ ಎಂದು ಸಂಗೀತ ಬಲ್ಲವರೇ ಬರೆದಿರುವುದನ್ನು ನೋಡಿದ್ದೇನೆ. ಬಹಳ ಸಲ ಅದು ಹಂತ 3ರಲ್ಲಿ ಹೇಳಿದ 24–25ರ ವೇಗದ ವ್ಯತ್ಯಾಸ. ಶೇಕಡ 4ರಷ್ಟು ವೇಗ ಹೆಚ್ಚಿದರೆ ಶ್ರುತಿ ಅರ್ಧ ಸ್ವರಸ್ಥಾನಕ್ಕಿಂತ ತುಸು ಹೆಚ್ಚು ಏರುತ್ತದೆ. ಪರೀಕ್ಷೆ ಸುಲಭ: ಚಿತ್ರದ ಪ್ರತಿಯನ್ನು 0.96ರ ವೇಗದಲ್ಲಿ ಓಡಿಸಿ. ಪ್ಲೇಯರ್‌ನಲ್ಲಿ ಶ್ರುತಿ ಸರಿಪಡಿಸುವ ಆಯ್ಕೆ ಇದ್ದರೆ ಮೊದಲು ಆರಿಸಿಬಿಡಿ, ಇಲ್ಲದಿದ್ದರೆ ವೇಗ ಇಳಿದರೂ ಶ್ರುತಿ ಅಲ್ಲೇ ನಿಲ್ಲುತ್ತದೆ. ಎರಡೂ ಒಂದಾದರೆ ಹಾಡಿಸಿದ್ದು ಒಂದೇ ಸಲ. ಆಗಲೂ ಕೂಡದಿದ್ದರೆ ಗಮಕ, ಉಸಿರು ತೆಗೆದುಕೊಳ್ಳುವ ಜಾಗ, ಕೊನೆಯ ಎಳೆತ ಹೋಲಿಸಿ. ಎರಡು ಬಾರಿ ಹಾಡಿದವರ ಉಸಿರು ಒಂದೇ ಜಾಗದಲ್ಲಿ ಬೀಳುವುದಿಲ್ಲ.

## ಹಂತ 6: ಕಾಗದದ ವಯಸ್ಸು ಕಟ್ಟಿ

ಪೋಸ್ಟರ್, ಸ್ಟಿಲ್, ಪದ್ಯಾವಳಿ, ಪತ್ರಿಕೆಯ ಜಾಹೀರಾತು ಇವು ನಾಲ್ಕಕ್ಕೂ ಬೆಲೆ ಒಂದೇ ಅಲ್ಲ.

ಪದ್ಯಾವಳಿ ಎಂದರೆ ಚಿತ್ರಮಂದಿರದ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ. ಹಾಡಿನ ಸಾಹಿತ್ಯಕ್ಕೆ, ಗೀತರಚನಕಾರರ ಹೆಸರಿಗೆ ಅದು ಒಳ್ಳೆಯ ಆಧಾರ. ಆದರೆ ಅದು ಅಚ್ಚಾಗುತ್ತಿದ್ದದ್ದು ಬಿಡುಗಡೆಗೆ ಮೊದಲು. ಅದರಲ್ಲಿದ್ದ ಹಾಡು ಕಡೆಯ ಸಂಕಲನದಲ್ಲಿ ಹೋಗಿರಬಹುದು. ಕಥಾಸಾರವನ್ನೂ ಅರ್ಧಕ್ಕೇ ನಿಲ್ಲಿಸಿ ‘ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ’ ಎಂದು ಮುಗಿಸಿರುತ್ತಾರೆ. ಕಾಣೆಯಾದ ಚಿತ್ರದ ಕೊನೆ ಏನೆಂದು ತಿಳಿಯಲು ಪದ್ಯಾವಳಿ ಹುಡುಕಿದವರಿಗೆ ಆ ಸಾಲು ಕೊಡುವ ಸಿಟ್ಟು ಅಷ್ಟಿಷ್ಟಲ್ಲ.

ಕಾಗದದ ಕಾಲ ತಿಳಿಯಲು ಮೂಲೆಗಳನ್ನು ನೋಡಿ. ಬೆಲೆ ಆಣೆಯಲ್ಲಿದ್ದರೆ ಅದು 1957ರ ದಶಮಾಂಶ ನಾಣ್ಯಕ್ಕಿಂತ ಹಿಂದಿನದು ಅಥವಾ ಅದರ ಆಸುಪಾಸಿನದು. ‘ನಯೇಪೈಸೆ’ ಎಂದಿದ್ದರೆ 1957ರಿಂದ 1964ರ ಆಸುಪಾಸು. ವಿಳಾಸದಲ್ಲಿ ಆರು ಅಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್‌ಗಿಂತ ಹಳೆಯದಲ್ಲ. ಮುಂಚೆ ‘ಬೆಂಗಳೂರು–9’ ಎಂಬ ಹಾಗೆ ಒಂದೆರಡು ಅಂಕಿ ಮಾತ್ರ. ‘ಮೈಸೂರು ಸರ್ಕಾರ’ ಎಂದಿರಬೇಕಾದ ಕಡೆ ‘ಕರ್ನಾಟಕ ಸರ್ಕಾರ’ ಎಂದಿದ್ದರೆ 1973ರ ನವೆಂಬರ್ ನಂತರದ್ದು. ‘ಡಾ. ರಾಜ್‌ಕುಮಾರ್’ ಎಂದಿದ್ದರೆ 1976ರ ನಂತರದ್ದು, ಮೈಸೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟದ್ದು ಆ ವರ್ಷ. ಈ ಕೊನೆಯ ಗುರುತೊಂದೇ ‘ಮೂಲ ಪೋಸ್ಟರ್’ ಎಂದು ತಿರುಗಾಡುವ ಅರ್ಧದಷ್ಟು ಪೋಸ್ಟರುಗಳನ್ನು ಮರುಬಿಡುಗಡೆಯ ರಾಶಿಗೆ ತಳ್ಳುತ್ತದೆ.

ಬಣ್ಣವನ್ನಂತೂ ನಂಬಲೇಬೇಡಿ. ಪೋಸ್ಟರು ಯಾವತ್ತೂ ಬಣ್ಣದ್ದೇ, ಚಿತ್ರ ಕಪ್ಪುಬಿಳುಪಾಗಿದ್ದರೂ. ಸತ್ಯ ಹರಿಶ್ಚಂದ್ರ 2008ರಲ್ಲಿ, ಕಸ್ತೂರಿ ನಿವಾಸ (1971) 2014ರಲ್ಲಿ ಬಣ್ಣ ಹಚ್ಚಿಸಿಕೊಂಡು ಮತ್ತೆ ಬಂದವು. ಅದನ್ನೇ ಮೊದಲು ನೋಡಿದ ಹೊಸಬರು ‘ಕಸ್ತೂರಿ ನಿವಾಸದ ಬಣ್ಣಗಳ ಬಳಕೆ’ ಎಂದು ಪ್ಯಾರಾಗಟ್ಟಲೆ ಬರೆದಿರುವುದುಂಟು. ಈಗ ಸ್ಟಿಲ್‌ಗಳಿಗೂ ಸಾಫ್ಟ್‌ವೇರ್ ಬಣ್ಣ ಬಳಿಯುತ್ತದೆ, ಮಂಕಾದ ಮುಖವನ್ನು ‘ಸ್ಪಷ್ಟ’ ಮಾಡುತ್ತದೆ. ಚರ್ಮ ಮೇಣದಂತೆ ನುಣುಪಾಗಿ, ಹಿಂದೆ ನಿಂತವರ ಬೆರಳು, ಕಿವಿಯೋಲೆ ಕಲಸಿಹೋಗಿದ್ದರೆ ಅದು ದಾಖಲೆಯಲ್ಲ.

ಬಿಡುಗಡೆಯ ದಿನಕ್ಕೆ ದಿನಪತ್ರಿಕೆಯ ಜಾಹೀರಾತಿಗಿಂತ ಗಟ್ಟಿ ಆಧಾರವಿಲ್ಲ. ‘ಇಂದಿನಿಂದ’ ಎಂಬ ಜಾಹೀರಾತು ಸಿಕ್ಕರೆ ಮುಗಿಯಿತು. ಸಿಗದಿದ್ದರೆ ‘ವಿಜಯೀ 4ನೇ ವಾರ’ ಎಂಬುದು ಸಿಗುತ್ತದೆ, ಅಲ್ಲಿಂದ ಹಿಂದಕ್ಕೆ ಎಣಿಸಿ. ಊರನ್ನೂ ಬರೆದುಕೊಳ್ಳಿ. ಆಗ ಪ್ರಿಂಟುಗಳು ಕಡಿಮೆ, ಬೆಂಗಳೂರಲ್ಲಿ ಓಡಿ ಮುಗಿದ ಮೇಲೆ ಬೇರೆ ಊರಿಗೆ ಹೋಗುತ್ತಿದ್ದವು. ನಿಮ್ಮ ಅಜ್ಜ ‘ನಾನು ನೋಡಿದ್ದು ಮುಂದಿನ ವರ್ಷ, ಬಿಡುಗಡೆಯ ದಿನವೇ’ ಎಂದರೆ ಅಜ್ಜನ ಮಾತೂ ಜಾಹೀರಾತೂ ಎರಡೂ ಸರಿಯಿರಬಹುದು.

ಹಳೇ ಪತ್ರಿಕೆಗಳಿಗೆ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯ, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು. ಹೋಗುವ ಮೊದಲು ಯಾವ ವರ್ಷದ ಸಂಪುಟ ನೋಡಲು ಸಿಗುತ್ತದೆ ಎಂದು ಕೇಳಿಕೊಳ್ಳಿ. ಪ್ರಜಾವಾಣಿ 1948ರಿಂದ, ಸುಧಾ ವಾರಪತ್ರಿಕೆ 1965ರಿಂದ ಇವೆ. ಸಿನಿಮಾಕ್ಕೇ ಮೀಸಲಾದ ವಿಜಯಚಿತ್ರ, ರೂಪತಾರಾ ಹಳೇ ಪುಸ್ತಕದಂಗಡಿಗಳಲ್ಲಿ ಬಿಡಿಯಾಗಿ ಸಿಗುತ್ತವೆ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ (1964) ಪದ್ಯಾವಳಿ, ಪೋಸ್ಟರ್, ಸ್ಟಿಲ್‌ಗಳ ದೊಡ್ಡ ರಾಶಿಯೇ ಇದೆ.

## ಹಂತ 7: ನೆನಪುಗಳಿಗೆ ದರ್ಜೆ ಕೊಡಿ

ಈಗ, ಇಷ್ಟೆಲ್ಲ ಆದ ಮೇಲೆ, ಸಂದರ್ಶನ ಮತ್ತು ಆತ್ಮಕಥೆಗಳ ಕಡೆ ಬನ್ನಿ. ಮೊದಲೇ ಹೋದರೆ ಕಥೆಯ ಮೋಹಕ್ಕೆ ಬಿದ್ದು ದಾಖಲೆಯನ್ನು ಅದಕ್ಕೆ ಹೊಂದಿಸಲು ನೋಡುತ್ತೀರಿ.

ಹೇಳಿದವರು ಆ ಜಾಗದಲ್ಲಿ ಇದ್ದರೇ? ಘಟನೆಯಾದ ಎಷ್ಟು ವರ್ಷದ ಮೇಲೆ ಹೇಳಿದ್ದು? ‘ನಾನು ನೋಡಿದೆ’ ಎಂದರೋ ‘ಹಾಗಂತ ಹೇಳುತ್ತಿದ್ದರು’ ಎಂದರೋ? ಈ ಮೂರಕ್ಕೆ ಉತ್ತರ ಬರೆದುಕೊಂಡರೆ ದರ್ಜೆ ತಾನಾಗಿ ಬೀಳುತ್ತದೆ. ಸ್ಥಳದಲ್ಲಿದ್ದ ಛಾಯಾಗ್ರಾಹಕರ ಸಹಾಯಕ ಆಗಲೇ ಪತ್ರಿಕೆಗೆ ಹೇಳಿದ ಒಂದು ಸಾಲು, ನಾಯಕನಟರು ನಲವತ್ತು ವರ್ಷ ಬಿಟ್ಟು ವೇದಿಕೆಯಲ್ಲಿ ಹೇಳಿದ ಅರ್ಧ ಗಂಟೆಗಿಂತ ತೂಕದ್ದು.

ಅನುಮಾನಪಡಬೇಕಾದ ಗುರುತುಗಳು: ಕಥೆಯ ಕೊನೆಗೆ ಚಪ್ಪಾಳೆ ಗಿಟ್ಟಿಸುವ ಮಾತೊಂದಿದೆ, ಆ ಮಾತು ಆಡಿದವರೂ ಕೇಳಿದವರೂ ಈಗ ಇಲ್ಲ, ಅದೇ ಕಥೆ ಬೇರೆ ಭಾಷೆಯ ನಟರ ಹೆಸರಿನಲ್ಲೂ ಓಡುತ್ತಿದೆ. ‘ಈ ಪಾತ್ರ ಮೊದಲು ಇಂಥವರಿಗೆ ಹೋಗಿತ್ತು, ಅವರು ಒಲ್ಲೆ ಎಂದರು’ ಎಂಬ ಜಾತಿಯ ಸ್ವಾರಸ್ಯಗಳಲ್ಲಿ ಒಲ್ಲೆ ಎಂದವರ ಬಾಯಿಂದಲೇ ಬಂದ ಮಾತು ಸಿಗುವ ತನಕ ನಾನಂತೂ ಹಂಚುವುದಿಲ್ಲ.

## ಹಂತ 8: ಪ್ರಶಸ್ತಿ, ರೀಮೇಕ್, ಓಡಿದ ದಿನ

ಪ್ರಶಸ್ತಿಗೆ ‘ಸಾಲು’ (ಯಾವ ವರ್ಷದ ಚಿತ್ರಗಳಿಗೆ ಕೊಟ್ಟದ್ದು ಎಂಬುದನ್ನು) ಬರೆಯಿರಿ, ಸಮಾರಂಭದ ವರ್ಷವಲ್ಲ. ಸಂಸ್ಕಾರಕ್ಕೆ ಅತ್ಯುತ್ತಮ ಕಥಾಚಿತ್ರದ ರಾಷ್ಟ್ರಪ್ರಶಸ್ತಿ 1970ನೇ ಸಾಲಿನದು, ಚೋಮನ ದುಡಿಗೆ 1975ನೇ ಸಾಲಿನದು. ವಿಭಾಗವನ್ನೂ ಬಿಡಬೇಡಿ. ರಾಜ್‌ಕುಮಾರರಿಗೆ ಜೀವನಚೈತ್ರಕ್ಕಾಗಿ ರಾಷ್ಟ್ರಪ್ರಶಸ್ತಿ ಬಂದದ್ದು ಗಾಯನಕ್ಕೆ, ನಟನೆಗಲ್ಲ.

ರೀಮೇಕ್‌ನಲ್ಲಿ ಯಾವುದು ಮೊದಲು ಎಂಬುದನ್ನು ಬಿಡುಗಡೆಯ ವರ್ಷವೇ ಹೇಳುತ್ತದೆ. ಕಸ್ತೂರಿ ನಿವಾಸ 1971, ಹಿಂದಿಯ ಶಾನ್‌ದಾರ್ 1974, ತಮಿಳಿನ ಅವನ್‌ದಾನ್ ಮನಿದನ್ 1975. ಶಿವಾಜಿ ಗಣೇಶನ್ ಅಷ್ಟು ದೊಡ್ಡ ನಟ ಎಂಬ ಕಾರಣಕ್ಕೆ ತಮಿಳಿನದೇ ಮೂಲ ಎಂದು ಊಹಿಸುವವರಿದ್ದಾರೆ.

‘ಇಷ್ಟು ವಾರ ಓಡಿತು’ ಎಂಬುದಕ್ಕೆ ಮೂರು ಪ್ರಶ್ನೆ: ಒಂದೇ ಚಿತ್ರಮಂದಿರದಲ್ಲೋ ಬದಲಾಯಿಸಿಕೊಂಡೋ, ದಿನದ ಎಲ್ಲ ಆಟಗಳೋ ಬೆಳಗಿನ ಆಟ ಮಾತ್ರವೋ, ಒಂದು ಊರಿನ ಲೆಕ್ಕವೋ ಹಲವು ಊರಿನದು ಕೂಡಿಸಿದ್ದೋ. ಶತದಿನೋತ್ಸವದ ಪೋಸ್ಟರು ಇವಕ್ಕೆ ಉತ್ತರ ಕೊಡುವುದಿಲ್ಲ, ವಾರವಾರದ ಜಾಹೀರಾತು ಕೊಡುತ್ತದೆ.

## ಹಂತ 9: ಅಭಿಪ್ರಾಯ ಬರೆಯುವಾಗ

ಸಂಗತಿಗೂ ಅಭಿಪ್ರಾಯಕ್ಕೂ ಒಂದೇ ವಾಕ್ಯ ಹಂಚಬೇಡಿ. ‘ಪುಟ್ಟಣ್ಣನವರ ಅತ್ಯುತ್ತಮ ಚಿತ್ರ ಶರಪಂಜರ, ತ್ರಿವೇಣಿಯವರ ಕಾದಂಬರಿ ಆಧರಿಸಿದ್ದು’ ಎಂದು ಬರೆದರೆ ಮೊದಲ ಅರ್ಧಕ್ಕೆ ಜಗಳ ಆಗಿ ಎರಡನೇ ಅರ್ಧವನ್ನು ಯಾರೂ ಗಮನಿಸುವುದಿಲ್ಲ, ಅದರಲ್ಲಿ ತಪ್ಪಿದ್ದರೆ ಹಾಗೇ ಉಳಿಯುತ್ತದೆ.

ಬರೆಯುವ ವಾರದಲ್ಲೇ ಚಿತ್ರವನ್ನು ಮತ್ತೆ ನೋಡಿ. ಇಪ್ಪತ್ತು ವರ್ಷದ ಹಿಂದೆ ನೋಡಿದ ದೃಶ್ಯಕ್ಕೆ ನಮ್ಮ ನೆನಪು ಕ್ಲೋಸಪ್ ಸೇರಿಸಿರುತ್ತದೆ, ಮಾತನ್ನು ಚುರುಕು ಮಾಡಿರುತ್ತದೆ. ಸಂಭಾಷಣೆ ಉದ್ಧರಿಸುವುದಾದರೆ ನಿಮಿಷ, ಸೆಕೆಂಡು ಗುರುತು ಹಾಕಿಕೊಂಡು ಕೇಳಿ ಬರೆಯಿರಿ. ಮಿಮಿಕ್ರಿ ಕಲಾವಿದರ ಬಾಯಲ್ಲಿ ಬದಲಾದ ಸಾಲನ್ನೇ ಮೂಲವೆಂದು ಬರೆಯುವುದು ದಿನನಿತ್ಯದ ತಪ್ಪು.

‘ಆ ಕಾಲಕ್ಕೆ ಇದು ದೊಡ್ಡ ಸಾಹಸ’ ಎನ್ನುವ ಮೊದಲು ಅದೇ ವರ್ಷದ ಬೇರೆ ಎರಡು ಚಿತ್ರ ನೋಡಿರಬೇಕು. ಇಲ್ಲದಿದ್ದರೆ ಯಾವುದಕ್ಕೆ ಹೋಲಿಸಿ ಸಾಹಸ?

## ಹಂತ 10: ಬರೆದು ಹಂಚುವುದು, ಆಮೇಲೆ ತಿದ್ದುವುದು

ಒಂದು ಬರಹಕ್ಕೆ ಒಂದೇ ಸಂಗತಿ. ಹತ್ತು ಸ್ವಾರಸ್ಯಗಳ ಪಟ್ಟಿ ಮಾಡಿದರೆ ಅದರಲ್ಲಿ ಒಂದು ಸಡಿಲವಾದದ್ದು ನುಸುಳಿಯೇ ತೀರುತ್ತದೆ, ಮುಂದೆ ಅದೇ ಒಂದು ಹೆಚ್ಚು ಹರಡುತ್ತದೆ.

ಆಧಾರವನ್ನು ಅದೇ ವಾಕ್ಯದಲ್ಲಿ ಸೇರಿಸಿ: ‘ರೆಕಾರ್ಡಿನ ಲೇಬಲ್ ಪ್ರಕಾರ’, ‘ಟೈಟಲ್ ಕಾರ್ಡ್‌ನಲ್ಲಿರುವಂತೆ’, ‘ಬಿಡುಗಡೆಯ ವಾರದ ಜಾಹೀರಾತಿನಲ್ಲಿ’. ಕೊನೆಯಲ್ಲಿ ಪ್ರತ್ಯೇಕವಾಗಿ ಬರೆದರೆ ನಕಲು ಮಾಡುವವರು ಮೊದಲು ಕತ್ತರಿಸುವುದೇ ಅದನ್ನು. ನೆನಪಿನ ಮಾತಾದರೆ ‘ಇಂಥವರು ಹೀಗೆ ನೆನೆಸಿಕೊಂಡಿದ್ದಾರೆ’ ಎಂದು ಬರೆಯಿರಿ. ಸ್ಕ್ರೀನ್‌ಶಾಟ್ ಇದ್ದರೆ ಬರಹದ ಜೊತೆ ಹಾಕಿ, ಅದಕ್ಕೆ ನೀವು ಬಣ್ಣ ಹಚ್ಚಿದ್ದರೆ ಚಿತ್ರದ ಮೇಲೆಯೇ ಹಾಗೆಂದು ಬರೆಯಿರಿ.

ಯಾರಾದರೂ ತಪ್ಪು ತೋರಿಸಿದರೆ ಬರಹ ಅಳಿಸಬೇಡಿ. ಅಳಿಸಿದರೂ ಆಗಲೇ ಹಂಚಿಹೋದ ಪ್ರತಿಗಳು ಉಳಿಯುತ್ತವೆ, ತಿದ್ದುಪಡಿ ಮಾತ್ರ ಎಲ್ಲೂ ಸಿಗುವುದಿಲ್ಲ. ಮೊದಲ ಸಾಲಿನಲ್ಲೇ ‘ತಿದ್ದುಪಡಿ’ ಎಂದು ಬರೆದು, ಏನಿತ್ತು, ಏನಾಯಿತು, ಯಾವ ದಾಖಲೆಯಿಂದ ಎಂದು ಸೇರಿಸಿ. ತೋರಿಸಿದವರು ಬರೀ ‘ಇದು ತಪ್ಪು’ ಎಂದಿದ್ದರೆ ಅವರನ್ನೂ ಕೇಳಿ: ಲೇಬಲ್ಲೋ, ಟೈಟಲ್ಲೋ, ಜಾಹೀರಾತೋ?

ಟಿಪ್ಪಣಿಗಳನ್ನು ಚಿತ್ರದ ಹೆಸರು, ವರ್ಷ, ಭಾಷೆ ಎಂಬ ಕ್ರಮದಲ್ಲಿ ಫೋಲ್ಡರ್ ಮಾಡಿ ಇಡಿ. ಸ್ಕ್ರೀನ್‌ಶಾಟ್ ಫೈಲಿನ ಹೆಸರಿನಲ್ಲೇ ಎಲ್ಲಿಂದ ತೆಗೆದದ್ದು, ಎಷ್ಟನೇ ನಿಮಿಷ ಎಂಬುದಿರಲಿ. ಅಪ್‌ಲೋಡ್‌ಗಳು ಹೇಳದೆ ಕೇಳದೆ ಮಾಯವಾಗುತ್ತವೆ, ಟೈಟಲ್ ಇದ್ದ ಪ್ರತಿಯಂತೂ ಮೊದಲು.